ಬಳಸದ ಶಾಯಿ ಪೆನ್ನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡುವಾಗ ಯಾವ ದಾರಿ ಹಿಡಿಯಬೇಕು?

ಶಾಯಿ ಪೆನ್ನುಗಳ ಹವ್ಯಾಸಕ್ಕೆ ಬಿದ್ದು ನಾಲ್ಕೈದು ವರ್ಷ ಕಳೆದವರ ಮೇಜಿನ ಡ್ರಾಯರಿನಲ್ಲಿ ಒಂದಷ್ಟು ಪೆನ್ನುಗಳು ಬರೆಯದೆ ಮಲಗಿರುತ್ತವೆ. ಅವುಗಳಲ್ಲಿ ಕೆಲವು ಕುತೂಹಲಕ್ಕೆ ಕೊಂಡವು, ಕೆಲವು ಉಡುಗೊರೆಯಾಗಿ ಬಂದವು, ಇನ್ನು ಕೆಲವು ಆಸೆಪಟ್ಟು ತಂದರೂ ಕೈಗೆ ಒಗ್ಗದೆ ಹೋದವು: ಹಿಡಿಯುವ ಭಾಗ ತೀರ ಸಣ್ಣದಾಯಿತು, ನಿಬ್ಬು ನಮ್ಮ ಅಕ್ಷರಕ್ಕೆ ದಪ್ಪವಾಯಿತು, ಮುಚ್ಚಳವನ್ನು ಹಿಂಬದಿಗೆ ಸಿಕ್ಕಿಸಿದರೆ ಪೆನ್ನು ಹಿಂದಕ್ಕೆ ವಾಲತೊಡಗಿತು. ಮಾರಲು ಮನಸ್ಸಿಲ್ಲ, ಅಥವಾ ಮಾರುವ ತಾಪತ್ರಯಕ್ಕೆ ತಕ್ಕ ಬೆಲೆ ಅದಕ್ಕಿಲ್ಲ. ಎಸೆಯುವ ಮಾತಂತೂ ಇಲ್ಲವೇ ಇಲ್ಲ. ಆಗ ಉಳಿಯುವುದು ಇದೇ ಹುಚ್ಚಿರುವ ಇನ್ನೊಬ್ಬರ ಕೈಗೆ ಅದನ್ನು ಒಪ್ಪಿಸುವ ದಾರಿ. ಆದರೆ ಆ ದಾರಿ ಒಂದೇ ಅಲ್ಲ. ಪರಿಚಿತರಿಗೆ ನೇರವಾಗಿ ಕೊಡಬಹುದು, ಬಳಗದಲ್ಲಿ ಎಲ್ಲರಿಗೂ ತಿಳಿಸಿ ಮೊದಲು ಕೇಳಿದವರಿಗೆ ಕೊಡಬಹುದು, ಚೀಟಿ ಎತ್ತಬಹುದು, ಬೇಕೆನ್ನುವವರಿಂದ ಕಾರಣ ಕೇಳಿ ಆರಿಸಬಹುದು, ಕೈಯಿಂದ ಕೈಗೆ ಸುತ್ತುವ ಪೆಟ್ಟಿಗೆಗೆ ಹಾಕಬಹುದು, ಪೆನ್‌ಪ್ರಿಯರ ಕೂಟದಲ್ಲಿ ಮೇಜಿನ ಮೇಲೆ ಹರಡಿಡಬಹುದು, ಕೆಟ್ಟವನ್ನು ದುರಸ್ತಿ ಮಾಡುವವರಿಗೆ ಗಂಟು ಕಟ್ಟಿ ಕಳಿಸಬಹುದು.

ಇವುಗಳನ್ನು ಹೋಲಿಸಲು ನಾನು ಹಿಡಿದಿರುವ ಅಳತೆಗೋಲು ಒಂದೇ: ಕೊಟ್ಟ ಪೆನ್ನು ಆರು ತಿಂಗಳ ನಂತರ ಯಾರದಾದರೂ ಕೈಯಲ್ಲಿ ಬರೆಯುತ್ತಿದೆಯೆ? ನನ್ನ ಡ್ರಾಯರಿನಿಂದ ಹೊರಟು ಮತ್ತೊಬ್ಬರ ಡ್ರಾಯರು ಸೇರಿದರೆ ನಾನು ಜಾಗ ಖಾಲಿ ಮಾಡಿಕೊಂಡೆನೇ ಹೊರತು ಪೆನ್ನಿಗಾಗಲಿ ಪಡೆದವರಿಗಾಗಲಿ ಏನೂ ಒಳಿತಾಗಲಿಲ್ಲ. ಉದಾರತೆ, ನ್ಯಾಯ, ಅನುಕೂಲ ಇವೆಲ್ಲ ಮುಖ್ಯವೇ ಆದರೂ ಈ ಒಂದು ಪ್ರಶ್ನೆಯ ಮುಂದೆ ಅವೆಲ್ಲ ಎರಡನೆಯ ಸಾಲಿನಲ್ಲಿ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಪೆನ್ನನ್ನು ನೋಡಿ, ಆಮೇಲೆ ದಾರಿಯನ್ನು

ಯಾರಿಗೆ ಕೊಡಬೇಕು ಎಂಬುದಕ್ಕಿಂತ ಮೊದಲು ಕೊಡುವುದು ಏನು ಎಂಬುದು ತೀರ್ಮಾನವಾಗಬೇಕು, ಏಕೆಂದರೆ ಒಂದು ಬಗೆಯ ಪೆನ್ನಿಗೆ ಒಳ್ಳೆಯದಾದ ದಾರಿ ಇನ್ನೊಂದಕ್ಕೆ ಕೆಟ್ಟದ್ದಾಗಬಹುದು. ನನ್ನ ಅನುಭವದಲ್ಲಿ ಬೇಡವಾದ ಪೆನ್ನುಗಳು ಸುಮಾರಾಗಿ ನಾಲ್ಕು ಗುಂಪಿಗೆ ಬರುತ್ತವೆ. ಈಗಲೂ ತಯಾರಾಗುತ್ತಿರುವ, ಉಕ್ಕಿನ ನಿಬ್ಬಿನ, ಶಾಯಿ ತುಂಬಿದ ಕೂಡಲೇ ಬರೆಯುವ ಸಾಧಾರಣ ಪೆನ್ನುಗಳು ಮೊದಲನೆಯವು. ಚಿನ್ನದ ನಿಬ್ಬಿನವು ಅಥವಾ ಬೇರೆ ಕಾರಣಕ್ಕೆ ಬೆಲೆಬಾಳುವವು ಎರಡನೆಯವು. ಬರೆಯುವುದು ಚೆನ್ನಾಗಿದ್ದರೂ ಎಲ್ಲರ ಕೈಗೂ ಒಗ್ಗದ ವಿಶೇಷ ನಿಬ್ಬುಗಳು, ಅಂದರೆ ತುದಿ ಚಪ್ಪಟೆಯಾದ ಸ್ಟಬ್, ಇಟಾಲಿಕ್, ಓರೆಯಾಗಿ ಕತ್ತರಿಸಿದ ಒಬ್ಲೀಕ್, ಒತ್ತಿದರೆ ಅಗಲವಾಗುವ ಫ್ಲೆಕ್ಸ್ ನಿಬ್ಬುಗಳು ಇರುವವು ಮೂರನೆಯವು. ಸೋರುವ, ಬಿರುಕು ಬಿಟ್ಟ, ಒಳಗಿನ ರಬ್ಬರ್ ಚೀಲ ಕಲ್ಲಾದ ಹಳೆಯ ಪೆನ್ನುಗಳು ನಾಲ್ಕನೆಯವು.

ಬೆಲೆಬಾಳುವುದನ್ನು ಗುರುತಿಸುವುದು ಕೆಲವೊಮ್ಮೆ ನಾವಂದುಕೊಂಡಷ್ಟು ಸುಲಭವಲ್ಲ. ನಿಬ್ಬಿನ ಮೇಲೆ 14ಕೆ ಅಥವಾ 585 ಎಂದಿದ್ದರೆ ಅದರಲ್ಲಿ ಸಾವಿರಕ್ಕೆ 585 ಪಾಲು ಚಿನ್ನವಿದೆ, 18ಕೆ ಅಥವಾ 750 ಎಂದಿದ್ದರೆ 750 ಪಾಲು ಇದೆ ಎಂದರ್ಥ. ಬಣ್ಣ ಮಾತ್ರ ಹಳದಿಯಾಗಿದ್ದು ಈ ಗುರುತು ಇಲ್ಲದಿದ್ದರೆ ಅದು ಬಹುಮಟ್ಟಿಗೆ ಚಿನ್ನದ ಲೇಪವಿರುವ ಉಕ್ಕು. ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ ಸಾಕು. ನಿಬ್ಬಿನ ತುದಿಯ ಎರಡು ಹಲ್ಲುಗಳು ಸಮವಾಗಿವೆಯೆ, ತುದಿಯ ಗಟ್ಟಿ ಲೋಹದ ಕಾಳು ಎರಡೂ ಕಡೆ ಉಳಿದಿದೆಯೆ, ನಿಬ್ಬಿನ ನಡುವಿನ ಚಿಕ್ಕ ತೂತಾದ ಉಸಿರುರಂಧ್ರದ ಸುತ್ತ ಸೀಳು ಬಂದಿದೆಯೆ ಎಂಬುದೂ ಅದರಲ್ಲೇ ತಿಳಿಯುತ್ತದೆ. ಪೆನ್ನಿನ ಮೈಮೇಲೆ ಯಾರದಾದರೂ ಹೆಸರು ಕೆತ್ತಿದ್ದು ಅದು ಮನೆಯ ಹಿರಿಯರದ್ದಾಗಿದ್ದರೆ ಹೊರಗೆ ಕೊಡುವ ಮುನ್ನ ಮನೆಯವರೆಲ್ಲರನ್ನೂ ಕೇಳಬೇಕು. ಬರೆಯದ ಪೆನ್ನು ಎಂದ ಮಾತ್ರಕ್ಕೆ ಅದು ಯಾರಿಗೂ ಬೇಡದ ಪೆನ್ನು ಆಗಿರುವುದಿಲ್ಲ.

ಯಾವ ದಾರಿ ಹಿಡಿದರೂ ತಪ್ಪಿಸಲಾಗದ ಕೆಲಸವೆಂದರೆ ತೊಳೆಯುವುದು. ಒಣಗಿದ ಶಾಯಿ ತುಂಬಿದ ಪೆನ್ನು ಪಡೆದವರ ಕೈಯಲ್ಲಿ ಮೊದಲ ದಿನವೇ ಸೋಲುತ್ತದೆ, ಅವರಿಗೆ ಇದು ಮೊದಲ ಶಾಯಿ ಪೆನ್ನಾಗಿದ್ದರೆ ಇಡೀ ಹವ್ಯಾಸವೇ ಸೋತಂತಾಗುತ್ತದೆ. ತಣ್ಣೀರನ್ನು ಹಲವು ಸಲ ಎಳೆದು ಬಿಟ್ಟು, ನೀರು ತಿಳಿಯಾಗಿ ಬರುವವರೆಗೂ ತೊಳೆದು, ನಿಬ್ಬನ್ನು ಕೆಳಮುಖವಾಗಿ ಹೀರುವ ಕಾಗದದ ಮೇಲೆ ಒಂದು ರಾತ್ರಿ ನಿಲ್ಲಿಸಿದರೆ ಸಾಮಾನ್ಯ ಪೆನ್ನುಗಳಿಗೆ ಸಾಕಾಗುತ್ತದೆ. ಆದರೆ ಹಳೆಯ ವಸ್ತುಗಳಲ್ಲಿ ಎಚ್ಚರ ಬೇಕು: ಎಬೋನೈಟ್ ಎನ್ನುವ ಗಟ್ಟಿ ರಬ್ಬರಿನ ಪೆನ್ನು ಬಿಸಿನೀರಿನಲ್ಲಿ ಬಣ್ಣಗೆಡುತ್ತದೆ, ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸೀನ್ ಪೆನ್ನು ನೀರಲ್ಲಿ ನೆನೆದರೆ ಉಬ್ಬುತ್ತದೆ, ಸೆಲ್ಯುಲಾಯ್ಡಿಗೂ ಅಕ್ರಿಲಿಕ್ಕಿಗೂ ಮದ್ಯಸಾರ ತಗುಲಬಾರದು. ಯಾವ ವಸ್ತುವೆಂದು ತಿಳಿಯದಿದ್ದರೆ ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿನಲ್ಲಿ ಅದ್ದಿ, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಿಡುವುದೇ ಕ್ಷೇಮ. ಗಟ್ಟಿಯಾಗಿ ಕೂತ ನಿಬ್ಬನ್ನು ಬಲವಂತವಾಗಿ ಎಳೆದು ಬಿಚ್ಚುವ ಸಾಹಸವನ್ನು ಕೊಡುವವರು ಮಾಡಲೇಬಾರದು. ಶಾಯಿಯನ್ನು ನಿಬ್ಬಿಗೆ ಹರಿಸುವ ಎಷ್ಟೋ ಒಳ್ಳೆಯ ಫೀಡುಗಳು ಇಂಥ ಸದುದ್ದೇಶದಿಂದಲೇ ಮುರಿದಿವೆ.

ಪರಿಚಿತರಿಗೆ ನೇರವಾಗಿ ಕೊಡುವುದು

ನನ್ನ ಅಳತೆಗೋಲಿನ ಪ್ರಕಾರ ಇದಕ್ಕೆ ಮೊದಲ ಸ್ಥಾನ. ಅವರು ಎಷ್ಟು ಬರೆಯುತ್ತಾರೆ, ಸಣ್ಣ ಅಕ್ಷರವೋ ದೊಡ್ಡದೋ, ಪೆನ್ನನ್ನು ನೆಟ್ಟಗೆ ಹಿಡಿಯುತ್ತಾರೋ ಮಲಗಿಸಿ ಹಿಡಿಯುತ್ತಾರೋ, ಎಡಗೈಯವರೋ, ಅವರ ಬಳಿ ಯಾವ ಶಾಯಿಯಿದೆ ಎಂಬುದೆಲ್ಲ ನಮಗೆ ಗೊತ್ತಿರುತ್ತದೆ. ನಾಳೆ ಶಾಯಿ ಹರಿಯದೆ ನಿಂತರೆ ಅವರು ನಮ್ಮನ್ನೇ ಕೇಳುತ್ತಾರೆ, ನಾವು ಹೇಳಿಕೊಡುತ್ತೇವೆ. ಕೊಟ್ಟ ಮೇಲೂ ಮುಂದುವರಿಯುವ ಈ ಮಾತುಕತೆಯೇ ಪೆನ್ನನ್ನು ಬಳಕೆಯಲ್ಲಿ ಉಳಿಸುತ್ತದೆ.

ಇದರ ದೋಷವೂ ಸಣ್ಣದಲ್ಲ. ನೇರವಾಗಿ ಕೈಗಿಟ್ಟ ಉಡುಗೊರೆಯನ್ನು ಬೇಡವೆನ್ನುವುದು ಬಹಳ ಮಂದಿಗೆ ಕಷ್ಟ. ದಾಕ್ಷಿಣ್ಯಕ್ಕೆ ತೆಗೆದುಕೊಂಡ ಪೆನ್ನು ಅವರ ಮನೆಯಲ್ಲಿ ಮತ್ತೊಂದು ಬೇಡದ ಪೆನ್ನಾಗುತ್ತದೆ, ನಾವು ಭೇಟಿಯಾದಾಗಲೆಲ್ಲ ಅದು ಅವರಿಗೆ ನೆನಪಾಗುತ್ತದೆ. ಹಾಗಾಗಿ ಪೆನ್ನನ್ನು ಎದುರಿಗೆ ಹಿಡಿಯುವ ಮುನ್ನ "ಒಂದು ವಾರ ಬರೆದು ನೋಡಲು ಕೊಡುತ್ತೇನೆ, ಒಗ್ಗದಿದ್ದರೆ ಹಿಂದಿರುಗಿಸಿ, ಇನ್ನೊಬ್ಬರು ಕಾಯುತ್ತಿದ್ದಾರೆ" ಎಂದು ಮೊದಲೇ ಹೇಳುವುದು ಒಳ್ಳೆಯದು. ಹಿಂದಿರುಗಿಸುವ ಬಾಗಿಲು ತೆರೆದಿರುವುದರಿಂದ ಇಟ್ಟುಕೊಳ್ಳುವವರು ನಿಜವಾಗಿ ಬೇಕೆಂದೇ ಇಟ್ಟುಕೊಳ್ಳುತ್ತಾರೆ. ಬೆಲೆಬಾಳುವ ಪೆನ್ನುಗಳಿಗೆ, ಅದರಲ್ಲೂ ಚಿನ್ನದ ನಿಬ್ಬಿನವಕ್ಕೆ, ಇದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸುವುದಿಲ್ಲ.

ಮೊದಲು ಕೇಳಿದವರಿಗೆ, ಚೀಟಿ ಎತ್ತಿ, ಅಥವಾ ಕಾರಣ ಕೇಳಿ

ಪರಿಚಿತರಲ್ಲಿ ತಕ್ಕವರು ಸಿಗದಿದ್ದಾಗ ಬಳಗಕ್ಕೆಲ್ಲ ತಿಳಿಸಿ ಕೊಡುವುದು ವಾಡಿಕೆ. ಇಲ್ಲಿ ಮೂರು ಪದ್ಧತಿಗಳಿವೆ, ಮತ್ತು ಇವುಗಳ ನಡುವಿನ ಆಯ್ಕೆಯೇ ಕೊಡುವವರಿಗೆ ಹೆಚ್ಚು ತಲೆನೋವು ತರುವಂಥದ್ದು.

ಮೊದಲು ಕೇಳಿದವರಿಗೆ ಕೊಡುವುದು ಎಲ್ಲಕ್ಕಿಂತ ಸರಳ. ಲೆಕ್ಕವಿಡಬೇಕಿಲ್ಲ, ಯಾರನ್ನೂ ತೂಗಿ ನೋಡಬೇಕಿಲ್ಲ, ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಇದರಲ್ಲಿ ಗೆಲ್ಲುವುದು ಅಗತ್ಯವಲ್ಲ, ಬಿಡುವು. ಆ ಹೊತ್ತಿನಲ್ಲಿ ಕೆಲಸದಲ್ಲಿರುವವರು, ಪಾಠ ಕೇಳುತ್ತಿರುವ ವಿದ್ಯಾರ್ಥಿಗಳು, ಬೇರೆ ದೇಶದ ರಾತ್ರಿಯಲ್ಲಿ ಮಲಗಿರುವವರು ತಿಳಿಯುವ ಮೊದಲೇ ಪೆನ್ನು ಹೋಗಿರುತ್ತದೆ. ನಾನು ಆರಂಭದ ದಿನಗಳಲ್ಲಿ ಹೀಗೆಯೇ ನಾಲ್ಕು ಪೆನ್ನುಗಳನ್ನು ಕೊಟ್ಟೆ. ನಾಲ್ಕರಲ್ಲಿ ಮೂರನ್ನು ಕೇಳಿ ಪಡೆದವರು ಒಬ್ಬರೇ, ಅವರ ಬಳಿ ಆಗಲೇ ನೂರಕ್ಕೂ ಹೆಚ್ಚು ಪೆನ್ನುಗಳಿದ್ದವು. ಅವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ತಪ್ಪು ನಾನು ಆರಿಸಿದ ಪದ್ಧತಿಯದ್ದು. ಅಂದಿನಿಂದ ಈ ಪದ್ಧತಿಯನ್ನು ಶಾಯಿ ತುಂಬಿಯೇ ಬರುವ ಕಾರ್ಟ್ರಿಜ್, ಖಾಲಿ ಪೆಟ್ಟಿಗೆ, ಸೀಸೆಯಿಂದ ಶಾಯಿ ಎಳೆದುಕೊಳ್ಳಲು ಕಾರ್ಟ್ರಿಜ್ ಜಾಗದಲ್ಲಿ ಕೂರಿಸುವ ಹೆಚ್ಚುವರಿ ಕನ್ವರ್ಟರಿನಂಥ ಚಿಕ್ಕಪುಟ್ಟ ಸಾಮಾನಿಗೆ ಮಾತ್ರ ಬಳಸುತ್ತೇನೆ.

ಚೀಟಿ ಎತ್ತುವುದು ನ್ಯಾಯದ ದೃಷ್ಟಿಯಿಂದ ಮೇಲು. ಎರಡು ಮೂರು ದಿನ ಸಮಯ ಕೊಟ್ಟು, ಹೆಸರು ಕೊಟ್ಟವರಿಗೆಲ್ಲ ಒಂದೊಂದು ಅಂಕಿ ಹಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿದರೆ ಯಾರೂ ಬೇಸರಿಸುವುದಿಲ್ಲ. ಆದರೆ ಅದೃಷ್ಟಕ್ಕೆ ಅಗತ್ಯ ತಿಳಿಯದು. ಉಚಿತವಾಗಿ ಸಿಗುವುದಾದರೆ ಇರಲಿ ಎಂದು ಹೆಸರು ಕೊಟ್ಟವರೂ, ಆರು ತಿಂಗಳಿಂದ ಅಂಥದ್ದೇ ಪೆನ್ನಿಗಾಗಿ ಕಾದವರೂ ಒಂದೇ ಡಬ್ಬಿಯಲ್ಲಿ ಸಮನಾಗಿ ಬೀಳುತ್ತಾರೆ.

ಕಾರಣ ಕೇಳಿ ಆರಿಸುವುದು ಈ ಕೊರತೆಯನ್ನು ತುಂಬುತ್ತದೆ. ಈ ಪೆನ್ನಿನಿಂದ ಏನು ಬರೆಯುವಿರಿ ಎಂದು ಎರಡು ಸಾಲು ಬರೆಯಲು ಕೇಳಿದ ಕೂಡಲೇ ಸುಮ್ಮನೆ ಕೈಚಾಚುವವರು ಹಿಂದೆ ಸರಿಯುತ್ತಾರೆ, ನಿಜವಾಗಿ ಬೇಕಾದವರು ಎರಡರ ಬದಲು ಹತ್ತು ಸಾಲು ಬರೆಯುತ್ತಾರೆ. ಆದರೆ ಇಲ್ಲಿ ಕೊಡುವವರು ತೀರ್ಪುಗಾರರಾಗಬೇಕಾಗುತ್ತದೆ. ಚೆನ್ನಾಗಿ ಬರೆಯಬಲ್ಲವರು ಮುಂದೆ ಬಂದು, ಸಂಕೋಚದವರು ಹಿಂದೆ ಉಳಿಯುತ್ತಾರೆ. ತಮ್ಮ ಕಷ್ಟವನ್ನು ಬಹಿರಂಗವಾಗಿ ತೋಡಿಕೊಂಡು ಪೆನ್ನು ಪಡೆಯಬೇಕಾದ ಸ್ಥಿತಿಗೆ ಯಾರನ್ನೂ ದೂಡಬಾರದು. ಹವ್ಯಾಸದ ಬಳಗದಲ್ಲಿ ಎಲ್ಲರೂ ಸಮಾನರು. ದಾನಿ ಮತ್ತು ಬೇಡುವವರು ಎಂಬ ಎರಡು ಸಾಲುಗಳು ಅಲ್ಲಿ ಹುಟ್ಟಿಕೊಂಡರೆ ಒಂದು ಪೆನ್ನು ಕೊಟ್ಟ ಪುಣ್ಯಕ್ಕಿಂತ ಆದ ಹಾನಿಯೇ ದೊಡ್ಡದು.

ಹಾಗಾಗಿ ಸಾಧಾರಣ ಪೆನ್ನುಗಳಿಗೆ ನಾನು ಎರಡನ್ನೂ ಬೆರೆಸುತ್ತೇನೆ: ಮೊದಲು ಒಂದು ಷರತ್ತು, ಆಮೇಲೆ ಚೀಟಿ. ಷರತ್ತು ವ್ಯಕ್ತಿಯನ್ನು ಕುರಿತದ್ದಾಗಿರದೆ ಪೆನ್ನನ್ನು ಕುರಿತದ್ದಾಗಿರಬೇಕು. "ಇಷ್ಟು ಸಣ್ಣ ನಿಬ್ಬಿನ ಪೆನ್ನು ಈವರೆಗೆ ನಿಮ್ಮ ಬಳಿ ಇಲ್ಲದಿದ್ದರೆ ಮಾತ್ರ ಹೆಸರು ಕೊಡಿ", "ಹಿಂಬದಿಯನ್ನು ತಿರುಗಿಸಿ ಶಾಯಿ ಎಳೆಯುವ ಪಿಸ್ಟನ್ ಪೆನ್ನನ್ನು ಈವರೆಗೆ ಬಳಸದವರು ಮಾತ್ರ ಹೆಸರು ಕೊಡಿ" ಎನ್ನುವಂಥ ಷರತ್ತಿನಲ್ಲಿ ಯಾರ ಮಾನಕ್ಕೂ ಕುಂದಿಲ್ಲ, ಆದರೂ ಹೆಸರುಗಳು ಅರ್ಧಕ್ಕಿಳಿಯುತ್ತವೆ. ಉಳಿದವರಲ್ಲಿ ಯಾರಿಗೆ ಹೋದರೂ ಪೆನ್ನು ಬರೆಯುತ್ತದೆ ಎಂಬ ಭರವಸೆಯಿಂದ ಚೀಟಿ ಎತ್ತಬಹುದು. ಮೂರು ಪದ್ಧತಿಗಳಲ್ಲಿ ಯಾವುದನ್ನೂ ಶುದ್ಧ ರೂಪದಲ್ಲಿ ಬಳಸುವುದಕ್ಕಿಂತ ಈ ಬೆರಕೆಯೇ ಒಳ್ಳೆಯದೆಂದು ಈಗ ನನಗೆ ಖಚಿತವಾಗಿದೆ.

ಹೊಸಬರಿಗೆ ಕೊಡುವುದಾದರೆ

ಹೊಸಬರಿಗೆ ಕೊಡುವುದು ಬೇರೆಯೇ ಬಗೆಯ ಕೊಡುಗೆ, ಏಕೆಂದರೆ ಇಲ್ಲಿ ಪೆನ್ನಿನ ಜೊತೆಗೆ ಹವ್ಯಾಸವನ್ನೇ ಕೊಡುತ್ತಿರುತ್ತೇವೆ. ನಮಗೆ ಬೇಡವಾದದ್ದೆಲ್ಲ ಅವರಿಗೆ ಆಗುತ್ತದೆ ಎಂಬ ಭಾವನೆ ಸಾಮಾನ್ಯ, ಮತ್ತು ಅದು ತಪ್ಪು. ಶಾಯಿ ಸರಿಯಾಗಿ ಹರಿಯದೆಂದು ನಾವು ಬದಿಗಿಟ್ಟ ಪೆನ್ನು ಅನುಭವಿಗಳ ಕೈಯಲ್ಲಿ ಸರಿಹೋದೀತು, ಹೊಸಬರ ಕೈಯಲ್ಲಿ ಅದು ಕಾಗದ ಗೀರುವ ಕಡ್ಡಿ ಅಷ್ಟೆ. ಅವರಿಗೆ ಬೇಕಾದದ್ದು ಮುಚ್ಚಳ ತೆರೆದ ಕೂಡಲೇ ಬರೆಯುವ, ಬಿದ್ದರೂ ಬದುಕುವ, ತೊಳೆಯಲು ಸುಲಭವಾದ, ಬಿಡಿಭಾಗ ಈಗಲೂ ಸಿಗುವ ಪೆನ್ನು. 1980ರಲ್ಲಿ ಬಂದು ಇಂದಿಗೂ ತಯಾರಾಗುತ್ತಿರುವ ಲ್ಯಾಮಿ ಸಫಾರಿ, ಮಕ್ಕಳನ್ನೂ ಕಲಿಯುವವರನ್ನೂ ಮನಸ್ಸಿನಲ್ಲಿಟ್ಟು ಪೈಲಟ್ ತಂದ ಕಾಕುನೋ, ಮುಚ್ಚಳದೊಳಗಿನ ಗಾಳಿಯಾಡದ ಬಿರಡೆಯಿಂದಾಗಿ ತಿಂಗಳುಗಟ್ಟಲೆ ಶಾಯಿ ಒಣಗಲು ಬಿಡದ ಪ್ಲ್ಯಾಟಿನಂ ಪ್ರೆಪಿ ಇಂಥವು. ನಿಮ್ಮ ಬಳಿ ಇವು ಹೆಚ್ಚಾಗಿದ್ದರೆ ಅವುಗಳಿಗೆ ಹೊಸಬರಿಗಿಂತ ಒಳ್ಳೆಯ ಜಾಗವಿಲ್ಲ.

ಕನ್ವರ್ಟರ್ ಜೊತೆಗಿರಲೇಬೇಕು, ಅದೂ ಆ ಪೆನ್ನಿಗೆ ಕೂರುವಂಥದ್ದು. ಬಹಳಷ್ಟು ಕಂಪನಿಗಳ ಪೆನ್ನುಗಳಿಗೆ ಅಂತರರಾಷ್ಟ್ರೀಯ ಅಳತೆಯ ಕಾರ್ಟ್ರಿಜ್ ಕೂರುತ್ತದೆಯಾದರೂ ಲ್ಯಾಮಿ, ಪಾರ್ಕರ್, ಪೈಲಟ್, ಪ್ಲ್ಯಾಟಿನಂ, ಸೇಲರ್ ಕಂಪನಿಗಳದು ತಮ್ಮದೇ ಅಳತೆ. ತಪ್ಪು ಕನ್ವರ್ಟರ್ ತುರುಕಲು ಹೋಗಿ ಹೊಸಬರು ಪೆನ್ನಿನ ಮೂತಿಯನ್ನೇ ಸೀಳಿದ್ದನ್ನು ಕಂಡಿದ್ದೇನೆ. ನಿಬ್ಬಿನ ಅಳತೆಯಲ್ಲೂ ಒಂದು ಸೂಕ್ಷ್ಮವಿದೆ: ಜಪಾನಿನ ಫೈನ್ ನಿಬ್ಬು ಸಾಮಾನ್ಯವಾಗಿ ಯುರೋಪಿನ ಫೈನ್ ನಿಬ್ಬಿಗಿಂತ ಒಂದು ಮೆಟ್ಟಿಲು ಸಣ್ಣಗೆ ಬರೆಯುತ್ತದೆ. ಬಾಲ್ ಪೆನ್ನನ್ನು ಒತ್ತಿ ಬರೆದು ರೂಢಿಯಾದ ಕೈಗೆ ತೀರ ಸಣ್ಣ ನಿಬ್ಬು ಗೀರಿದಂತೆ ಅನ್ನಿಸುವುದರಿಂದ ಮೊದಲ ಪೆನ್ನಿಗೆ ಮೀಡಿಯಂ ಅಥವಾ ಯುರೋಪಿನ ಫೈನ್ ಒಳ್ಳೆಯದು. ಜೊತೆಗೆ ಎರಡು ಮಿಲಿ ಲೀಟರಿನಷ್ಟು ಶಾಯಿಯ ಒಂದು ಚಿಕ್ಕ ಸೀಸೆ ಇಟ್ಟರೆ ಸಾಕು, ಅದು ಸುಲಭವಾಗಿ ತೊಳೆದು ಹೋಗುವ ನೀಲಿಯಾಗಿರಲಿ. ಕಬ್ಬಿಣದ ಅಂಶವಿರುವ ಐರನ್ ಗಾಲ್ ಶಾಯಿ, ಬಣ್ಣದ ಪುಡಿ ತೇಲುವ ಪಿಗ್ಮೆಂಟ್ ಶಾಯಿ, ಮಿನುಗು ಬೆರೆಸಿದ ಶಾಯಿ ಇವೆಲ್ಲ ನಿಯಮಿತವಾಗಿ ತೊಳೆಯಲು ಕಲಿತ ಮೇಲಿನ ಮಾತು. ಅದ್ದಿ ಬರೆಯುವ ನಿಬ್ಬಿಗಾಗಿ ಮಾಡಿದ, ಅರಗು ಬೆರೆತ ಇಂಡಿಯಾ ಇಂಕನ್ನು ಶಾಯಿ ಪೆನ್ನಿಗೆ ಎಂದೂ ತುಂಬಬಾರದು ಎಂಬುದನ್ನು ಬಾಯಿಬಿಟ್ಟು ಹೇಳಿಯೇ ಕಳಿಸಬೇಕು.

ಹೊಸಬರಿಗೆ ಒಂದೇ ಪೆನ್ನು ಕೊಡಿ. ಪ್ರೀತಿಯಿಂದ ಐದು ಕೊಟ್ಟರೆ ಐದನ್ನೂ ಅರೆಮನಸ್ಸಿನಿಂದ ಬಳಸುತ್ತಾರೆ. ಶಾಲಾ ಮಕ್ಕಳಿಗೆ ಒಟ್ಟಾಗಿ ಕೊಡುವ ಯೋಚನೆ ಇದ್ದರೆ ಅಲ್ಲಿ ಪೆನ್ನು ತೊಳೆಯುವುದನ್ನು ಹೇಳಿಕೊಡಬಲ್ಲ ಶಿಕ್ಷಕರೊಬ್ಬರು ಇರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಆ ದಾರಿ ಬೇಡ.

ಸುತ್ತುವ ಪೆಟ್ಟಿಗೆಯೋ, ಕೂಟದ ಮೇಜೋ

ಎಂಟು ಹತ್ತು ಮಂದಿ ಸೇರಿ ಒಂದು ಪೆಟ್ಟಿಗೆಯನ್ನು ಅಂಚೆಯಲ್ಲಿ ಸುತ್ತಿಸುವ ಪದ್ಧತಿ ಕೇಳಲು ಬಹಳ ಚೆನ್ನಾಗಿದೆ. ಪೆಟ್ಟಿಗೆ ಮನೆಗೆ ಬಂದಾಗ ಬೇಕಾದ ಒಂದೆರಡು ಪೆನ್ನು ತೆಗೆದುಕೊಂಡು, ನಮಗೆ ಬೇಡವಾದ ಒಂದೆರಡನ್ನು ಇಟ್ಟು, ಮುಂದಿನವರಿಗೆ ಕಳಿಸುವುದು. ಕೊಡುವವರೂ ಪಡೆಯುವವರೂ ಒಂದೇ ಆಗಿರುವುದರಿಂದ ಯಾರಿಗೂ ಹಂಗಿಲ್ಲ, ಪೆಟ್ಟಿಗೆ ತೆರೆಯುವ ಸಂಭ್ರಮಕ್ಕೆ ಸಾಟಿಯಿಲ್ಲ. ಇಷ್ಟೆಲ್ಲ ಇದ್ದರೂ ಎರಡು ಸುತ್ತು ಮುಗಿಯುವಷ್ಟರಲ್ಲಿ ಪೆಟ್ಟಿಗೆ ಸೊರಗುತ್ತದೆ. ಪ್ರತಿಯೊಬ್ಬರೂ ಇರುವುದರಲ್ಲಿ ಒಳ್ಳೆಯದನ್ನು ತೆಗೆದು ತಮ್ಮಲ್ಲಿರುವ ಸಪ್ಪೆಯದನ್ನು ಇಡುವುದು ಸಹಜ, ಹಾಗಾಗಿ ಯಾರಿಗೂ ಬೇಡದ ಏಳೆಂಟು ಪೆನ್ನುಗಳು ಊರೂರು ಸುತ್ತುತ್ತ ಉಳಿಯುತ್ತವೆ. ಯಾರೋ ಒಬ್ಬರು ಕೆಲಸದ ಒತ್ತಡದಲ್ಲಿ ಎರಡು ತಿಂಗಳು ಕಳಿಸದೆ ಇಟ್ಟುಕೊಂಡರೆ ಇಡೀ ಸರಪಳಿ ನಿಲ್ಲುತ್ತದೆ, ಕೇಳಲು ಎಲ್ಲರಿಗೂ ಮುಜುಗರ.

ಆದರೂ ಈ ಪದ್ಧತಿಯನ್ನು ಬಿಡಲು ನನಗೆ ಮನಸ್ಸಿಲ್ಲ, ನಿಯಮ ಬಿಗಿಯಾಗಿದ್ದರೆ ಅದು ನಡೆಯುತ್ತದೆ. ಪೆನ್ನುಗಳ ಸಂಖ್ಯೆ ಹನ್ನೆರಡನ್ನು ಮೀರಬಾರದು, ಒಬ್ಬರ ಮನೆಯಲ್ಲಿ ಒಂದು ವಾರಕ್ಕಿಂತ ಹೆಚ್ಚು ನಿಲ್ಲಬಾರದು, ಒಳಗೆ ಒಂದು ಪಟ್ಟಿಯಿದ್ದು ಬಂದದ್ದು ಹೋದದ್ದು ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪೂರ್ತಿ ಸುತ್ತಿನಲ್ಲಿ ಯಾರೂ ತೆಗೆಯದ ಪೆನ್ನನ್ನು ಹೊರತೆಗೆದು ಬಿಡಿಭಾಗದ ಗಂಟಿಗೆ ಸೇರಿಸುವ ಅಧಿಕಾರ ಪೆಟ್ಟಿಗೆ ಆರಂಭಿಸಿದವರಿಗೆ ಇರಬೇಕು. ಪರಸ್ಪರ ಪರಿಚಯವಿಲ್ಲದವರ ನಡುವೆ ಈ ಪೆಟ್ಟಿಗೆಯನ್ನು ಕಳಿಸಬೇಡಿ, ಅದರಲ್ಲಿ ಚಿನ್ನದ ನಿಬ್ಬಿನ ಪೆನ್ನನ್ನು ಇಡಬೇಡಿ.

ಎದುರುಬದುರು ಸೇರುವ ಕೂಟದಲ್ಲಿ ಒಂದು ಮೇಜಿನ ಮೇಲೆ ಪೆನ್ನುಗಳನ್ನು ಹರಡಿಡುವುದು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಬರೆದು ನೋಡಬಹುದು, ಅದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ. ನಾನು ಮೂರನೆಯ ಗುಂಪೆಂದು ಹೇಳಿದ ವಿಶೇಷ ನಿಬ್ಬುಗಳಿಗೆ ಈ ಮೇಜೇ ಸರಿಯಾದ ಜಾಗ, ಏಕೆಂದರೆ ಒಬ್ಲೀಕ್ ನಿಬ್ಬಿನ ಓರೆ ತನ್ನ ಕೈಯ ತಿರುವಿಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಯಾವ ವಿವರಣೆಯಿಂದಲೂ ತಿಳಿಯಲಾಗದು. ಎಡಗೈಯವರು ನಿಬ್ಬನ್ನು ಎಳೆಯುವ ಬದಲು ದೂಡುತ್ತ ಬರೆಯುವುದರಿಂದ ಬಲಗೈಯಲ್ಲಿ ಬೆಣ್ಣೆಯಂತೆ ಹರಿದ ಇಟಾಲಿಕ್ ನಿಬ್ಬು ಅವರ ಕೈಯಲ್ಲಿ ಕಾಗದವನ್ನು ಕೆರೆಯಬಹುದು. ಮೇಜಿನ ಮೇಲೆ ಒಂದು ಬಟ್ಟಲು ನೀರು, ಒರೆಸುವ ಬಟ್ಟೆ, ಒಂದು ಸೀಸೆ ಶಾಯಿ, ಒಳ್ಳೆಯ ಕಾಗದ ಇಟ್ಟರೆ ಪೆನ್ನಿಗೆ ಶಾಯಿ ತುಂಬದೆಯೇ ನಿಬ್ಬನ್ನು ಅದ್ದಿ ನಾಲ್ಕು ಸಾಲು ಬರೆದು ನೋಡಬಹುದು. ಅದ್ದಿ ಬರೆದಾಗ ಶಾಯಿ ಹೆಚ್ಚು ಹರಿಯುವುದರಿಂದ ಮೊದಲ ಎರಡು ಸಾಲನ್ನು ಲೆಕ್ಕಕ್ಕಿಡಬಾರದು, ಮೂರನೆಯದರಿಂದ ನಿಬ್ಬಿನ ನಿಜಸ್ಥಿತಿ ತಿಳಿಯತೊಡಗುತ್ತದೆ. ಕೂಟದ ಕೊರತೆಯೆಂದರೆ ಅಲ್ಲಿಗೆ ಬರಲಾರದವರಿಗೆ ಏನೂ ಸಿಗುವುದಿಲ್ಲ, ಅಷ್ಟೆ.

ಕೆಟ್ಟ ಪೆನ್ನುಗಳ ವಿಷಯ

ಕೊಡಲು ಎಲ್ಲರೂ ನಾಚಿಕೊಳ್ಳುವುದು ಇವನ್ನೇ, ಆದರೆ ನನ್ನ ಅಳತೆಗೋಲಿನಲ್ಲಿ ಇವು ಕೆಲವೊಮ್ಮೆ ಒಳ್ಳೆಯ ಪೆನ್ನುಗಳನ್ನೂ ಮೀರಿಸುತ್ತವೆ. ದುರಸ್ತಿ ಮಾಡುವವರಿಗೆ ಒಂದು ಸತ್ತ ಪೆನ್ನಿನ ಮುಚ್ಚಳ, ಕ್ಲಿಪ್ಪು, ಫೀಡ್ ಅಥವಾ ಸನ್ನೆಯ ಕಡ್ಡಿಯಿಂದ ಬೇರೊಂದು ಪೆನ್ನು ಬದುಕುತ್ತದೆ. ತಯಾರಿಕೆ ನಿಂತು ಐವತ್ತು ಅರವತ್ತು ವರ್ಷವಾದ ಮಾದರಿಗಳಿಗೆ ಬಿಡಿಭಾಗದ ಬೇರೆ ಮೂಲವೇ ಇಲ್ಲ. ಹಳೆಯ ಎಸ್ಟರ್‌ಬ್ರೂಕ್ ಪೆನ್ನುಗಳಲ್ಲಿ ನಿಬ್ಬಿನ ಇಡೀ ಘಟಕವನ್ನು ತಿರುಪಿ ತೆಗೆದು ಇನ್ನೊಂದಕ್ಕೆ ಹಾಕಬಹುದಾದ್ದರಿಂದ ಮೈ ಒಡೆದ ಒಂದು ಎಸ್ಟರ್‌ಬ್ರೂಕ್ ಕೂಡ ಬೇಡಿಕೆಯ ವಸ್ತು.

ಯಾವುದು ಕೆಟ್ಟದ್ದು, ಯಾವುದು ಕೆಟ್ಟಂತೆ ಕಾಣುವುದು ಎಂಬುದನ್ನು ತಿಳಿದರೆ ಹಂಚುವುದು ಸುಲಭ. 1941ರಲ್ಲಿ ಬಂದ ಪಾರ್ಕರ್ 51 ಪೆನ್ನಿನ ಮೊದಲ ವರ್ಷಗಳ ಮಾದರಿಯೊಳಗೆ ರಬ್ಬರಿನ ಪೊರೆಯಿದೆ, ಅದನ್ನು ಬದಲಿಸದೆ ಆ ಪೆನ್ನು ಶಾಯಿ ಎಳೆಯುವುದು ಅಪರೂಪ. 1948ರಿಂದ ಬಂದ, ಚೀಲವನ್ನು ಹಿಂಡಿ ತುಂಬುವ ಏರೋಮೆಟ್ರಿಕ್ ಮಾದರಿಯ ಪಾರದರ್ಶಕ ಚೀಲ ಮಾತ್ರ ಎಷ್ಟೋ ಪೆನ್ನುಗಳಲ್ಲಿ ಇಂದಿಗೂ ಗಟ್ಟಿಯಾಗಿದ್ದು, ತಣ್ಣೀರಿನಲ್ಲಿ ತಾಳ್ಮೆಯಿಂದ ತೊಳೆದರೆ ಪೆನ್ನು ಬರೆಯತೊಡಗುತ್ತದೆ. 1950ರ ದಶಕದ ಶೇಫರ್ ಸ್ನಾರ್ಕೆಲ್ಲಿನಂಥ ಜಟಿಲ ಯಂತ್ರವನ್ನು ಅನುಭವಿ ದುರಸ್ತಿಗಾರರಿಗೇ ಕೊಡಬೇಕು. ಅದೇ, ಮೈಬದಿಯಲ್ಲಿ ಸನ್ನೆಯಿರುವ ಲಿವರ್ ಪೆನ್ನುಗಳು ದುರಸ್ತಿ ಕಲಿಯುವವರಿಗೆ ಹೇಳಿ ಮಾಡಿಸಿದಂಥವು. ಕಲ್ಲಾದ ರಬ್ಬರ್ ಚೀಲವನ್ನು ಕೆರೆದು ತೆಗೆದು, ಹೊಸದನ್ನು ಅರಗಿನಿಂದ ಅಂಟಿಸುವುದು ಈ ವಿದ್ಯೆಯ ಮೊದಲ ಪಾಠ, ಆ ಪಾಠದಲ್ಲಿ ಒಂದೆರಡು ಪೆನ್ನು ಒಡೆಯುವುದೂ ಸೇರಿದೆ. ಕಲಿಯುವವರು ತಮ್ಮ ಅಜ್ಜನ ಪೆನ್ನನ್ನು ಒಡೆಯುವ ಬದಲು ನಮ್ಮ ಬಿರುಕು ಬಿಟ್ಟ ಪೆನ್ನನ್ನು ಒಡೆದುಕೊಂಡರೆ ಅದು ದೊಡ್ಡ ಉಪಕಾರ. ಹೀಗೆ ಆರೇಳು ಲಿವರ್ ಪೆನ್ನುಗಳನ್ನು ಒಬ್ಬ ಕಲಿಯುವವರಿಗೆ ಒಟ್ಟಿಗೆ ಕೊಡುವುದು, ಏಳು ಜನರಿಗೆ ಒಂದೊಂದು ಹಂಚುವುದಕ್ಕಿಂತ ಎಷ್ಟೋ ಮೇಲು.

ಇಲ್ಲಿ ಒಂದೇ ಕಟ್ಟುಪಾಡು: ದೋಷವನ್ನು ಮುಚ್ಚಿಡಬಾರದು. ಬಿರುಕು ಎಲ್ಲಿದೆ, ಏನನ್ನು ಈಗಾಗಲೇ ಮಾಡಿ ನೋಡಿದ್ದೀರಿ, ಯಾವ ಅಂಟು ಹಾಕಿದ್ದೀರಿ ಎಂಬುದನ್ನು ಬರೆದಿಡಬೇಕು. ಹೆಸರಾಂತ ಕಂಪನಿಯ ನಕಲಿ ಎಂದು ಸಂಶಯವಿದ್ದರೆ ಆ ಸಂಶಯವನ್ನೂ ಹೇಳಬೇಕು. ಹಣ ಪಡೆಯಲಿಲ್ಲ ಎಂಬ ಕಾರಣಕ್ಕೆ ಪ್ರಾಮಾಣಿಕತೆಯ ಹೊಣೆ ಕಡಿಮೆಯಾಗುವುದಿಲ್ಲ. ಹುಳಿ ವಾಸನೆ ಬರುತ್ತಿರುವ, ಮೈ ಹರಳುಗಟ್ಟಿ ಒಡೆಯುತ್ತಿರುವ ಸೆಲ್ಯುಲಾಯ್ಡ್ ಪೆನ್ನನ್ನು ಮಾತ್ರ ಯಾರಿಗೂ ಕೊಡಬೇಡಿ. ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದಲ್ಲಿಟ್ಟ ಒಳ್ಳೆಯ ಪೆನ್ನುಗಳನ್ನೂ ಕೆಡಿಸುತ್ತದೆ, ಆ ವಸ್ತು ಬೇಗ ಹೊತ್ತಿಕೊಳ್ಳುವಂಥದ್ದು ಬೇರೆ.

ಅಂಚೆ ವೆಚ್ಚ, ವಿನಿಮಯ, ಮರುಮಾರಾಟ

ಅಂಚೆ ವೆಚ್ಚವನ್ನು ಯಾರು ಕೊಡಬೇಕು ಎಂಬುದರ ಬಗ್ಗೆ ಬಳಗಗಳಲ್ಲಿ ಒಮ್ಮತವಿಲ್ಲ. ಒಂದು ಪೆನ್ನಾದರೆ ಕೊಡುವವರೇ ಭರಿಸುವುದು ಸೊಗಸು. ಗಂಟಾದರೆ ಪಡೆಯುವವರು ಭರಿಸುವುದು ನ್ಯಾಯ. ಪಡೆಯುವವರು ಅಂಚೆ ವೆಚ್ಚವನ್ನಾದರೂ ಕೊಡಬೇಕೆಂಬ ನಿಯಮಕ್ಕೆ ಒಂದು ಗುಣವಿದೆ, ಸುಮ್ಮನೆ ಕೇಳುವವರನ್ನು ಅದು ತಡೆಯುತ್ತದೆ. ಆದರೆ ಅದೇ ನಿಯಮ ಹಣದ ಅಡಚಣೆಯಿರುವ ವಿದ್ಯಾರ್ಥಿಯನ್ನೂ ತಡೆಯುವುದರಿಂದ ಹೊಸಬರ ಪೆನ್ನಿಗೆ ನಾನು ಅದನ್ನು ಹಾಕುವುದಿಲ್ಲ. ಗಡಿ ದಾಟುವ ಪೊಟ್ಟಣವಾದರೆ ಉಡುಗೊರೆಯ ಮೇಲೂ ಸುಂಕ ಬೀಳಬಹುದೆಂದು ಪಡೆಯುವವರಿಗೆ ಮೊದಲೇ ತಿಳಿಸಿ, ಘೋಷಣಾ ಪತ್ರದಲ್ಲಿ ನಿಜವಾದ ಮೌಲ್ಯ ಬರೆಯಬೇಕು. ಪೆನ್ನು ಖಾಲಿಯಾಗಿರಲಿ, ಗಟ್ಟಿ ಕೊಳವೆಯೊಳಗೆ ಅಲುಗಾಡದಂತೆ ಕೂತಿರಲಿ, ಅಂಟುಪಟ್ಟಿ ಪೆನ್ನಿನ ಮೈಗೆ ತಾಗದಿರಲಿ. ಶಾಯಿಯನ್ನು ಅಂಚೆಯಲ್ಲಿ ಕಳಿಸಬಹುದೇ ಎಂಬ ನಿಯಮ ಎಲ್ಲೆಡೆ ಒಂದೇ ಅಲ್ಲವಾದ್ದರಿಂದ ವಿಚಾರಿಸಿಯೇ ಕಳಿಸಬೇಕು.

ನಿನ್ನದು ನನಗೆ, ನನ್ನದು ನಿನಗೆ ಎಂಬ ವಿನಿಮಯವನ್ನು ನಾನು ಕೊಡುಗೆಗಳ ಸಾಲಿಗೆ ಸೇರಿಸುವುದಿಲ್ಲ. ಅದು ಒಳ್ಳೆಯ ವ್ಯವಹಾರವೇ, ಆದರೆ ಅದರಲ್ಲಿ ತೂಗುವ ತಕ್ಕಡಿ ಬಂದೇ ಬರುತ್ತದೆ.

ಪಡೆದವರು ನಾಳೆ ಮಾರಿಬಿಟ್ಟರೆ ಎಂಬ ಅಂಜಿಕೆ ಕೊಡುವ ಎಲ್ಲರಿಗೂ ಇರುತ್ತದೆ. ಒಗ್ಗದಿದ್ದರೆ ಮಾರಬೇಡಿ, ಹೀಗೆಯೇ ಇನ್ನೊಬ್ಬರಿಗೆ ಕೊಡಿ ಎಂದು ಕೊಡುವ ಮೊದಲೇ ಒಮ್ಮೆ ಸ್ಪಷ್ಟವಾಗಿ ಹೇಳಬಹುದು, ಅದರಲ್ಲಿ ತಪ್ಪಿಲ್ಲ. ಹೇಳದೆ ಕೊಟ್ಟು ಆಮೇಲೆ ನೊಂದುಕೊಳ್ಳುವುದು ಸರಿಯಲ್ಲ. ಒಂದು ಪೆನ್ನು ಮಾರಾಟವಾದರೆ ನಿಮಗೆ ತಡೆಯಲಾಗದಷ್ಟು ನೋವಾಗುತ್ತದೆ ಎಂದಾದರೆ ಅದು ನೀವು ಇನ್ನೂ ಕೊಡಲು ಸಿದ್ಧರಾಗದ ಪೆನ್ನು, ಅದನ್ನು ಡ್ರಾಯರಿನಲ್ಲೇ ಇಡಿ.

ಜೊತೆಗಿಡುವ ಚೀಟಿ

ಯಾವ ದಾರಿಯಿಂದ ಹೋದರೂ ಪ್ರತಿ ಪೆನ್ನಿಗೆ ಒಂದು ಚಿಕ್ಕ ಚೀಟಿ ಸುತ್ತಿ ಕಳಿಸುತ್ತೇನೆ. ಪೆನ್ನಿನ ಹೆಸರು, ನಿಬ್ಬಿನ ಅಳತೆ, ಶಾಯಿ ತುಂಬುವ ಬಗೆ, ಕೊನೆಯ ಸಲ ಹಾಕಿದ ಶಾಯಿ, ತೊಳೆಯುವ ದಿನಾಂಕ, ಇರುವ ದೋಷ, ಮತ್ತು ಅದು ನನಗೇಕೆ ಒಗ್ಗಲಿಲ್ಲ ಎಂಬುದರ ಒಂದು ಸಾಲು. ಆ ಕೊನೆಯ ಸಾಲನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಪಡೆದವರಿಗೆ ಅತಿ ಹೆಚ್ಚು ನೆರವಾಗುವುದು ಅದೇ. "ನನ್ನ ದೊಡ್ಡ ಕೈಗೆ ಇದರ ಹಿಡಿಕೆ ಸಣ್ಣದಾಯಿತು" ಎಂಬ ಸಾಲನ್ನು ಓದಿದ ಸಣ್ಣ ಕೈಯವರಿಗೆ ಪೆನ್ನಿನಲ್ಲಿ ಊನವಿಲ್ಲವೆಂಬುದು ಕೂಡಲೇ ತಿಳಿಯುತ್ತದೆ. ಚೀಟಿಯನ್ನು ಆ ಪೆನ್ನಿನಿಂದಲೇ, ತೊಳೆಯುವುದಕ್ಕೆ ಮುಂಚೆ, ಅದರಲ್ಲಿ ಉಳಿದ ಶಾಯಿಯಲ್ಲೇ ಬರೆಯುತ್ತೇನೆ. ಆ ನಿಬ್ಬು ಎಷ್ಟು ದಪ್ಪಗೆ, ಎಷ್ಟು ಒದ್ದೆಯಾಗಿ ಬರೆಯುತ್ತದೆ ಎಂಬುದನ್ನು ಅವರು ಶಾಯಿ ತುಂಬುವ ಮೊದಲೇ ಆ ಅಕ್ಷರಗಳಲ್ಲಿ ನೋಡಬಹುದು.